ಕೇಪಳದ ಚಿಗುರೆಲ್ಲಾ ಬೆಳ್ಳಗೆ, ನರ ಮಾತ್ರ ಹಸಿರು. ತುಕ್ಕು ಮೊಳೆ ಹೂತರೂ ಸರಿಹೋಗುತ್ತಿಲ್ಲ

ಮಹಡಿಮಲ್ಲಿ:

ನಮಸ್ಕಾರ ಎಲ್ಲರಿಗೂ. ಒಂದು ಗಿಡಕ್ಕೋಸ್ಕರ ಇಷ್ಟು ತಲೆ ಕೆಡಿಸಿಕೊಂಡಿದ್ದು ಇದೇ ಮೊದಲು. ಮೂರು ವರ್ಷದ ಹಿಂದೆ ತವರಿಂದ, ಪುತ್ತೂರಿನ ಹತ್ತಿರದ ನಮ್ಮ ಹಳ್ಳಿಯಿಂದ, ಕೆಂಪು ಕೇಪಳದ ಗಿಡ ತಂದು ಬೆಂಗಳೂರಿನ ಮನೆಯ ಮಹಡಿಯಲ್ಲಿ 14 ಇಂಚಿನ ಕುಂಡಕ್ಕೆ ಹಾಕಿದ್ದೆ. ಮೊದಲ ವರ್ಷ ನವರಾತ್ರಿಗೆ ನಮ್ಮ ಮನೆ ದೇವಿಗೆ ಸಾಕಾಗಿ ಪಕ್ಕದ ಮನೆಯವರಿಗೂ ಕೊಡುವಷ್ಟು ಹೂ ಬಿಟ್ಟಿತ್ತು.

ಎರಡನೇ ವರ್ಷದಿಂದ ಚಿಗುರು ತಿಳಿ ಹಳದಿಯಾಗಿ ಬರೋಕೆ ಶುರುವಾಯಿತು. ಈಗಂತೂ ತುದಿಯ ಎಲೆಗಳು ಹೆಚ್ಚುಕಡಿಮೆ ಬಿಳಿ. ನರ ಮಾತ್ರ ಹಸಿರು, ಮೀನಿನ ಮುಳ್ಳಿನ ಹಾಗೆ ಎದ್ದು ಕಾಣುತ್ತದೆ. ವಿಚಿತ್ರ ಅಂದರೆ ಕೆಳಗಿನ ಹಳೇ ಎಲೆಗಳು ಕಡು ಹಸಿರಾಗಿ ಚೆನ್ನಾಗಿಯೇ ಇವೆ. ಈ ಸಲ ಹೂ ಅಂತ ಬಂದದ್ದು ಎರಡೇ ಗೊಂಚಲು.

ನಾನು ಸುಮ್ನೆ ಕೂತಿಲ್ಲ. ಬೇವಿನ ಹಿಂಡಿ, ಮೂಳೆ ಪುಡಿ, ಮೊಟ್ಟೆ ಚಿಪ್ಪಿನ ಪುಡಿ, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಊರಿಗೆ ಹೋದಾಗ ತಂದ ಒಲೆ ಬೂದಿ, ಎಲ್ಲ ಆಯಿತು. ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಎರಡು ಸಲ ಕೊಟ್ಟೆ. ಕೊನೆಗೆ ನರ್ಸರಿಯವರೊಬ್ಬರು ಕಬ್ಬಿಣದ ಅಂಶ ಕಡಿಮೆ ಅಂದರು. ಪಕ್ಕದ ಮನೆ ಅಂಕಲ್ ತಮ್ಮ ಮನೆ ಕಟ್ಟುವಾಗ ಉಳಿದ ತುಕ್ಕು ಹಿಡಿದ ಮೊಳೆ ಒಂದು ಹಿಡಿ ಕೊಟ್ಟರು, ಅದನ್ನೂ ಹೂತೆ. ನಾಲ್ಕು ತಿಂಗಳಾಯಿತು, ಗಿಡ ಹಾಗೇ ಇದೆ.

ನೀರು ಬೋರ್‌ವೆಲ್‌ನದು. ಜೊತೆಗೆ ಆರ್‌ಓ ಫಿಲ್ಟರ್‌ನಿಂದ ಹೊರಗೆ ಹೋಗುವ ನೀರನ್ನೂ ಬಕೆಟ್‌ನಲ್ಲಿ ಹಿಡಿದು ಕುಂಡಗಳಿಗೆ ಹಾಕುತ್ತೇನೆ, ಚೆಲ್ಲೋಕೆ ಮನಸ್ಸು ಬರಲ್ಲ. ಕೆಳಗೆ ಕಾಂಪೌಂಡ್ ಪಕ್ಕ ನೆಲದಲ್ಲಿ ಎರಡು ನರ್ಸರಿ ಗಿಡ ಇವೆ, ಕೇಪಳವನ್ನೇ ಅವರು ಇಕ್ಸೋರಾ ಅಂತ ಕೊಟ್ಟದ್ದು. ಅವುಗಳಿಗೂ ಇದೇ ಕಾಯಿಲೆ. ಗೋಡೆಗೆ ಹತ್ತಿರ ಇರುವುದಕ್ಕೆ ಜಾಸ್ತಿ, ದೂರ ಇರುವುದಕ್ಕೆ ಕಡಿಮೆ. ಅಮ್ಮ ಕೈಯಾರೆ ಬೇರು ಬಿಡಿಸಿ ಕೊಟ್ಟ ಗಿಡ, ಎಸೆಯೋಕೆ ಆಗಲ್ಲ. ಏನು ಮಾಡಲಿ?

ಕುಂಡಪ್ರಿಯ:

ಎಪ್ಸಮ್ ಸಾಲ್ಟ್ ಎರಡು ಸಲ ಸಾಲದು ಮೇಡಂ. ತಿಂಗಳಿಗೆ ಎರಡು ಸಲದಂತೆ ಮೂರು ತಿಂಗಳು ಹಾಕಿ. ನಮ್ಮ ದಾಸವಾಳ ಅದರಲ್ಲೇ ಸರಿಹೋಯಿತು. ಎಲೆ ಹಳದಿ ಅಂದರೆ ಮೆಗ್ನೀಸಿಯಮ್ಮೇ.

ಮಣ್ಣುಹುಳ:

ಕುಂಡಪ್ರಿಯ ಅವರೇ, ನಿಮ್ಮ ದಾಸವಾಳದಲ್ಲಿ ಹಳದಿಯಾಗಿದ್ದು ಕೆಳಗಿನ ಎಲೆಗಳು ಇರಬೇಕು. ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ, ಹಾಗಾಗಿ ಹಳೇ ಎಲೆ ಸೊರಗುತ್ತದೆ. ಸಾರಜನಕವೂ ಅಷ್ಟೇ, ಅದರಲ್ಲಿ ಹಳೇ ಎಲೆ ನರದ ಸಮೇತ ಹಳದಿಯಾಗುತ್ತದೆ. ಕಬ್ಬಿಣ ಹಾಗಲ್ಲ. ಒಂದು ಸಲ ಎಲೆಗೆ ಸೇರಿದ ಮೇಲೆ ಅಲ್ಲಿಂದ ಅಲುಗಾಡುವುದಿಲ್ಲ. ಬೇರಿನಿಂದ ಹೊಸದಾಗಿ ಬರಬೇಕು, ಬರದಿದ್ದರೆ ಚಿಗುರು ಉಪವಾಸ. ಮಹಡಿಮಲ್ಲಿ ಅವರು ಬರೆದದ್ದು ಸರಿಯಾಗಿ ಇದೇ: ಹಳೇ ಎಲೆ ಹಸಿರು, ಚಿಗುರು ಬಿಳಿ, ನರ ಹಸಿರು. ಮ್ಯಾಂಗನೀಸ್ ಕಡಿಮೆಯಾದರೂ ಸುಮಾರು ಹೀಗೇ ಕಾಣುತ್ತದೆ, ಆದರೆ ಅದಕ್ಕೂ ಕಾರಣ ಹೆಚ್ಚಾಗಿ ಒಂದೇ ಇರುತ್ತದೆ. ಹಾಗಾಗಿ ಕಾರಣ ಹಿಡಿಯೋಣ.

ಮೇಡಂ, ನರ್ಸರಿಯವರು ಹೇಳಿದ್ದು ಅರ್ಧ ಸರಿ. ಎಲೆಯಲ್ಲಿ ಕಬ್ಬಿಣ ಕಡಿಮೆ, ನಿಜ. ಮಣ್ಣಲ್ಲಿ ಕಡಿಮೆ ಇಲ್ಲ. ಬೆಂಗಳೂರಿನ ಕೆಂಪು ಮಣ್ಣು ಕೆಂಪಗಿರುವುದೇ ಕಬ್ಬಿಣದ ತುಕ್ಕಿನಿಂದ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅಂತಾರಲ್ಲ, ನಿಮ್ಮ ಗಿಡದ ಕಥೆ ಅದು. ಇಷ್ಟು ತುಕ್ಕಿನ ನಡುವೆ ಕೂತಿರುವ ಗಿಡಕ್ಕೆ ಇನ್ನೊಂದು ಹಿಡಿ ತುಕ್ಕು ಮೊಳೆ ಕೊಟ್ಟರೆ ಏನು ಪ್ರಯೋಜನ ಹೇಳಿ?

ಕಬ್ಬಿಣ ಕರಗಿದರೆ ತಾನೇ ಬೇರು ಕುಡಿಯೋದು. ಮಣ್ಣು ಹುಳಿಯಾಗಿದ್ದರೆ, ಅಂದರೆ ಪಿಎಚ್ 5ರಿಂದ 6ರ ಒಳಗಿದ್ದರೆ, ಕೇಪಳಕ್ಕೆ ಬೇಕಾದಷ್ಟು ಕರಗುತ್ತದೆ. ಪಿಎಚ್ 7 ದಾಟಿದರೆ ಗಟ್ಟಿ ತುಕ್ಕಾಗಿ ಕೂತುಬಿಡುತ್ತದೆ. ನೀವು ಹಾಕಿದ ಪಟ್ಟಿ ನೋಡಿ. ಮೊಟ್ಟೆ ಚಿಪ್ಪು ಸುಣ್ಣ. ಬೂದಿ ಕ್ಷಾರ. ಮೂಳೆ ಪುಡಿಯಲ್ಲಿ ಸುಣ್ಣವೂ ಇದೆ, ರಂಜಕವೂ ಇದೆ, ಆ ರಂಜಕ ಜಾಸ್ತಿಯಾದರೆ ಕಬ್ಬಿಣವನ್ನು ಇನ್ನಷ್ಟು ಕಟ್ಟಿಹಾಕುತ್ತದೆ. ಬೋರ್‌ವೆಲ್ ನೀರಲ್ಲಿ ಬೈಕಾರ್ಬನೇಟ್ ಇರುತ್ತದೆ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ. ಇನ್ನು ಆರ್‌ಓ ನೀರು! ಫಿಲ್ಟರ್ ಒಂದು ಲೀಟರ್ ಒಳ್ಳೆಯ ನೀರು ಕೊಟ್ಟು ಎರಡು ಲೀಟರ್ ಹೊರಗೆ ಬಿಟ್ಟರೆ, ಮೂರು ಲೀಟರಿನ ಉಪ್ಪು ಆ ಎರಡು ಲೀಟರಿನಲ್ಲಿ ಇರುತ್ತದೆ. ಬೋರ್‌ವೆಲ್ ನೀರಿನ ಒಂದೂವರೆ ಪಟ್ಟು. ನೆಲ ಒರೆಸೋಕೆ, ಟಾಯ್ಲೆಟ್‌ಗೆ ಬಳಸಿ, ಕೇಪಳಕ್ಕೆ ಬೇಡವೇ ಬೇಡ. ಗೋಡೆ ಪಕ್ಕದ ಗಿಡ ಜಾಸ್ತಿ ಬೆಳ್ಳಗಾಗಿರುವುದು ಸಿಮೆಂಟ್ ಗಾರೆಯ ಚೂರುಗಳಿಂದ. ಮನೆ ಕಟ್ಟಿದವರು ಉಳಿದದ್ದನ್ನೆಲ್ಲ ಅಲ್ಲೇ ಹೂತು ಮೇಲೆ ಮಣ್ಣು ಹರಡಿ ಹೋಗಿರುತ್ತಾರೆ, ಬೇಕಾದರೆ ಅಗೆದು ನೋಡಿ.

ಎರಡು ಪರೀಕ್ಷೆ ಮನೆಯಲ್ಲೇ ಮಾಡಿ. ಒಣಗಿದ ಮಣ್ಣು ಒಂದು ಚಮಚ ತಟ್ಟೆಗೆ ಹಾಕಿ ಮೇಲೆ ವಿನೆಗರ್ ಬಿಡಿ. ಚುರ್ರ್ ಅಂತ ಗುಳ್ಳೆ ಬಂದರೆ ಮಣ್ಣಲ್ಲಿ ಸುಣ್ಣ ಇದೆ. ಎರಡನೆಯದು ನೀರಿಗೆ. ಅಕ್ವೇರಿಯಂ ಅಂಗಡಿಯಲ್ಲಿ ಕೆಎಚ್ ಟೆಸ್ಟ್ ಕಿಟ್ ಸಿಗುತ್ತದೆ, ನೀರಲ್ಲಿರುವ ಬೈಕಾರ್ಬನೇಟ್ ಅಳೆಯೋಕೆ. 5 ಮಿಲಿ ನೀರಿಗೆ ಒಂದೊಂದೇ ಹನಿ ಹಾಕುತ್ತಾ ಬಣ್ಣ ತಿರುಗುವವರೆಗೆ ಎಣಿಸೋದು. ಒಂದು ಹನಿ ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಸುಣ್ಣದಕಲ್ಲಿಗೆ ಸಮ. ಕುಂಡಕ್ಕೆ ಚುಚ್ಚುವ ಎರಡು ಕಡ್ಡಿಯ ಅಗ್ಗದ ಪಿಎಚ್ ಮೀಟರ್ ಮಾತ್ರ ತರಬೇಡಿ, ಅದು ಯಾವ ಮಣ್ಣಿಗೆ ಚುಚ್ಚಿದರೂ 7 ಅನ್ನುತ್ತದೆ. ನನ್ನ ಹತ್ತಿರ ಎರಡು ಇವೆ, ಎರಡೂ ಅದನ್ನೇ ಹೇಳುತ್ತವೆ.

ಗುಡ್ಡೆಕೇಪಳ:

ಓದಿ ನಗು ಬಂತು, ಪಾಪ ಅಂತಲೂ ಅನ್ನಿಸಿತು. ನಮ್ಮ ಕರಾವಳಿ ಕಡೆ ಕೇಪಳಕ್ಕೆ ಗೊಬ್ಬರ ಹಾಕಿದವರನ್ನು ನಾನು ಈವರೆಗೆ ನೋಡಿಲ್ಲ. ಮುರಕಲ್ಲಿನ ಗುಡ್ಡೆಯಲ್ಲಿ, ಕಲ್ಲಿನ ಬಿರುಕಲ್ಲಿ, ಯಾರೂ ತಿರುಗಿ ನೋಡದಿದ್ದರೂ ಬೆಂಕಿ ಹತ್ತಿದ ಹಾಗೆ ಹೂ ಬಿಡುತ್ತದೆ. ಶಾಲೆಯಿಂದ ಬರುವಾಗ ಹೂವಿನ ಬುಡ ಚೀಪಿ ಜೇನು ಕುಡಿಯೋದು, ಹಣ್ಣು ತಿಂದು ನಾಲಿಗೆ ಬಣ್ಣ ಮಾಡಿಕೊಳ್ಳೋದು. ಕುಡಿ ತಂಬುಳಿಯೂ ಆಗುತ್ತದೆ. ಇಕ್ಸೋರಾ ಅನ್ನೋ ಹೆಸರು ಸಹ ನಮ್ಮ ಈಶ್ವರನಿಂದಲೇ ಬಂದದ್ದಂತೆ, ಊರು ಸುತ್ತಿ ನರ್ಸರಿಯಿಂದ ವಾಪಸ್ ಬಂದಿದೆ ನೋಡಿ.

ಮಣ್ಣುಹುಳ ಅವರು ಹೇಳಿದ್ದನ್ನು ನಾನು ಊರ ಕಡೆಯಿಂದ ಹೇಳುತ್ತೇನೆ. ನಮ್ಮಲ್ಲಿ ಮಳೆ ಅಂದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಮೇಲೆ. ಅಷ್ಟು ನೀರು ಮಣ್ಣಲ್ಲಿದ್ದ ಸುಣ್ಣವನ್ನೆಲ್ಲ ತೊಳೆದು ಹೊಳೆಗೆ, ಹೊಳೆಯಿಂದ ಕಡಲಿಗೆ ಒಯ್ದಿರುತ್ತದೆ. ಉಳಿದದ್ದು ಹುಳಿ ಮಣ್ಣು. ಅಡಿಕೆ ತೋಟಕ್ಕೆ ನಾವು ಸುಣ್ಣ ಹಾಕುತ್ತೇವೆ, ಕೇಪಳಕ್ಕೆ ಆ ಹುಳಿಯೇ ಬೇಕು. ಬೆಂಗಳೂರಲ್ಲಿ ಅದರ ಕಾಲು ಭಾಗದಷ್ಟು ಮಳೆ, ಉಳಿದ ದಿನವೆಲ್ಲ ಬೋರ್‌ವೆಲ್. ಗಿಡ ಏನು ಮಾಡಬೇಕು?

ಮುಂದಿನ ಸಲ ಊರಿಗೆ ಹೋದಾಗ ಹಪ್ಪಳ, ಸಂಡಿಗೆ ಕಡಿಮೆ ತಂದು ಎರಡು ಚೀಲ ಗುಡ್ಡೆ ಮಣ್ಣು ತನ್ನಿ. ಬಸ್ಸಿನ ಕಂಡಕ್ಟರ್ ಮುಖ ಗಂಟು ಹಾಕಬಹುದು, ತನ್ನಿ. ಅದಕ್ಕೆ ಚೆನ್ನಾಗಿ ಕೊಳೆತ ತರಗೆಲೆ ಗೊಬ್ಬರ ಸೇರಿಸಿ ಕುಂಡ ಬದಲಿಸಿ.

ಇನ್ನೊಂದು. ನಮ್ಮ ಅಜ್ಜಿ ಹುಳಿ ಮಜ್ಜಿಗೆಯಲ್ಲಿ ಕಬ್ಬಿಣದ ತುಂಡು ಒಂದು ವಾರ ಇಟ್ಟು ಆ ನೀರನ್ನು ಮಲ್ಲಿಗೆಗೆ ಹಾಕುತ್ತಿದ್ದರು. ಅದು ಸುಳ್ಳೋ ನಿಜವೋ, ಬಲ್ಲವರು ಹೇಳಿ.

ಮಣ್ಣುಹುಳ:

ಅಜ್ಜಿ ಮೊಳೆ ಅಂಕಲ್‌ಗಿಂತ ಜಾಣೆ. ಮಜ್ಜಿಗೆಯ ಹುಳಿಗೆ ಕಬ್ಬಿಣ ಸ್ವಲ್ಪ ಕರಗುತ್ತದೆ, ಕರಗಿದ್ದನ್ನು ಗಿಡ ಕುಡಿಯುತ್ತದೆ. ಮಜ್ಜಿಗೆಗೆ ಉಪ್ಪು ಹಾಕಿರಬಾರದು ಅಷ್ಟೇ. ಆದರೆ ಎಷ್ಟು ಕರಗಿದೆ ಅಂತ ಗೊತ್ತಾಗುವುದಿಲ್ಲ, ಸುಣ್ಣ ತುಂಬಿದ ಕುಂಡಕ್ಕೆ ಬಿದ್ದರೆ ಮತ್ತೆ ಗಟ್ಟಿಯಾಗುತ್ತದೆ. ಇಷ್ಟು ಬೆಳ್ಳಗಾದ ಗಿಡಕ್ಕೆ ಸಾಲದು.

ಚಹಾ ಪುಡಿ, ಕಾಫಿ ಚರಟ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಫಿಲ್ಟರ್‌ನಿಂದ ಇಳಿದ ಕಾಫಿ ಚರಟದಲ್ಲಿ ಹುಳಿ ಹೆಚ್ಚೇನೂ ಉಳಿದಿರುವುದಿಲ್ಲ. ಹುಳಿಯೆಲ್ಲ ನಿಮ್ಮ ಲೋಟಕ್ಕೆ ಹೋಗಿರುತ್ತದೆ.

ಬಿಸ್ಕೇನ್‌ಬಿಸಿಲು:

ನಾನು ಮೂಲತಃ ಮೈಸೂರು, ಹನ್ನೆರಡು ವರ್ಷದಿಂದ ಅಮೆರಿಕದಲ್ಲಿ, ಮಯಾಮಿ ಕಡೆ. ಇಲ್ಲಿ ಇಕ್ಸೋರಾ ಅಂದರೆ ಬೇಲಿ ಗಿಡ, ಮನೆಮನೆಗೂ ಇದೆ. ನೆಲ ಅಂದರೆ ಸುಣ್ಣದಕಲ್ಲು. ಗುಂಡಿ ತೋಡೋಕೆ ಗುದ್ದಲಿ ಅಲ್ಲ, ಹಾರೆ ಬೇಕು. ಹಾಗಾಗಿ ಈ ಬಿಳಿ ಚಿಗುರು ಇಲ್ಲಿ ಬೀದಿಬೀದಿಯಲ್ಲಿ ಕಾಣುತ್ತದೆ, ಮುಖ್ಯವಾಗಿ ಮನೆಯ ಅಡಿಪಾಯದ ಪಕ್ಕ ಮತ್ತು ಕಾಂಕ್ರೀಟ್ ಕಾಲುದಾರಿಯ ಅಂಚಿನಲ್ಲಿ. ನಿಮ್ಮ ಗೋಡೆ ಪಕ್ಕದ ಗಿಡದ ವಿಷಯ ಓದಿದ ಕೂಡಲೇ ಇದು ನಮ್ಮ ಬೀದಿಯ ಕಥೆ ಅನ್ನಿಸಿತು.

ನಾನೂ ಮೊದಲು ಅಗ್ಗದ ಕಬ್ಬಿಣದ ಸಲ್ಫೇಟ್ ತಂದು ನೆಲಕ್ಕೆ ಸುರಿದೆ. ಡ್ರೈವ್‌ವೇ ಪೂರ್ತಿ ಕಂದು ಕಲೆ, ಗಿಡಕ್ಕೆ ಏನೂ ಆಗಲಿಲ್ಲ. ಸುಣ್ಣದ ನೆಲದಲ್ಲಿ ಅದು ನೋಡನೋಡುತ್ತಲೇ ತುಕ್ಕಾಗುತ್ತದೆ. ಇಲ್ಲಿ ಬಳಸೋದು ಕೀಲೇಟ್, ಅದರಲ್ಲೂ ಇಡಿಡಿಎಚ್‌ಎ ಅನ್ನೋ ಬಗೆ. ಕೀಲೇಟ್ ಅಂದರೆ ಕಬ್ಬಿಣವನ್ನು ಒಂದು ದೊಡ್ಡ ಅಣು ಏಡಿಯ ಹಾಗೆ ಹಿಡಿದುಕೊಂಡಿರುತ್ತದೆ, ಸುಣ್ಣದ ಕೈಗೆ ಬಿಟ್ಟುಕೊಡುವುದಿಲ್ಲ, ಬೇರಿನ ಹತ್ತಿರ ಬಂದಾಗ ಬಿಡುತ್ತದೆ. ಬೇರೆ ಬಗೆಯ ಕೀಲೇಟ್‌ಗಳೂ ಇವೆ: ಇಡಿಟಿಎ ಹಿಡಿತ ಪಿಎಚ್ ಸುಮಾರು 6.5 ದಾಟಿದರೆ ಸಡಿಲ. ಡಿಟಿಪಿಎ ಸುಮಾರು 7.5ರವರೆಗೆ ತಡೆಯುತ್ತದೆ. ಇಡಿಡಿಎಚ್‌ಎ ಪಿಎಚ್ 9 ಇದ್ದರೂ ಬಿಡುವುದಿಲ್ಲ. ಬೆಲೆಯೂ ಹಾಗೇ ಏರುತ್ತಾ ಹೋಗುತ್ತದೆ, ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ. ಹಳೇ ಎಲೆ ಮೇಲೆ ನೇರಳೆ ಕೆಂಪು ಚುಕ್ಕೆ ಇದ್ದರೆ ಅದನ್ನು ಕಬ್ಬಿಣದ ತಲೆಗೆ ಕಟ್ಟಬೇಡಿ. ಅದು ಹೆಚ್ಚಾಗಿ ಪೊಟ್ಯಾಶ್ ಅಥವಾ ರಂಜಕದ ಕೊರತೆ, ಚಳಿಗಾಲದಲ್ಲಿ ಇಲ್ಲಿ ಜಾಸ್ತಿ ಎದ್ದು ಕಾಣುತ್ತದೆ.

ಮಹಡಿಮಲ್ಲಿ:

ಅಯ್ಯೋ, ನಾನು ಮೂರು ವರ್ಷ ಪ್ರೀತಿಯಿಂದ ವಿಷ ಹಾಕಿದ ಹಾಗಾಯಿತು ಅಲ್ವಾ.

ಪರೀಕ್ಷೆ ಮಾಡಿದೆ. ಕುಂಡದ ಮಣ್ಣು ವಿನೆಗರ್‌ಗೆ ಚುರ್ ಅಂದಿತು. ಗೋಡೆ ಪಕ್ಕದ್ದು ಸೋಡಾ ಬಾಟಲಿ ತೆಗೆದ ಹಾಗೆ! ಅಗೆದರೆ ಅರ್ಧ ಅಡಿಯಲ್ಲೇ ಗಾರೆ ಚೂರು, ಇಟ್ಟಿಗೆ ತುಂಡು, ಒಂದು ಗುಟ್ಕಾ ಪ್ಯಾಕೆಟ್ ಸಹ ಸಿಕ್ಕಿತು. ಕಿಟ್‌ನಲ್ಲಿ ಬೋರ್‌ವೆಲ್ ನೀರಿಗೆ 16 ಹನಿ, ಕಾವೇರಿ ನೀರಿಗೆ 6, ಆರ್‌ಓದಿಂದ ಹೊರಗೆ ಬರೋದಕ್ಕೆ 24. ಮಗ ಪಕ್ಕದಲ್ಲಿ ಕೂತು ಎಣಿಸಿದ್ದಾನೆ, ತಪ್ಪಿರಲಾರದು.

ಅಂಗಡಿಗೆ ಹೋಗಿ ಐರನ್ ಕೀಲೇಟ್ ಕೇಳಿದೆ. ಅವರು ಕೊಟ್ಟ ಪೊಟ್ಟಣದ ಮೇಲೆ ಯಾವ ಬಗೆ, ಎಷ್ಟು ಶೇಕಡಾ ಅಂತ ಏನೂ ಇಲ್ಲ. ಒಳಗೆ ತಿಳಿ ಹಸಿರು ಹರಳು. ಇದೇನಾ?

ಮಣ್ಣುಹುಳ:

ಅಲ್ಲ. ತಿಳಿ ಹಸಿರು ಹರಳು ಅಂದರೆ ಅನ್ನಭೇದಿ, ಅದೇ ಕಬ್ಬಿಣದ ಸಲ್ಫೇಟ್. ಗ್ರಂಧಿಗೆ ಅಂಗಡಿಯಲ್ಲಿ ಅದರ ಕಾಲು ಬೆಲೆಗೆ ಸಿಗುತ್ತದೆ. ಬಣ್ಣದಿಂದಲೇ ಗುರುತಿಸಿ: ಇಡಿಟಿಎ ಸಾಸಿವೆ ಹಳದಿ ಪುಡಿ, ಪೊಟ್ಟಣದ ಮೇಲೆ 12 ಶೇಕಡಾ ಅಂತ ಇರುತ್ತದೆ. ಇಡಿಡಿಎಚ್‌ಎ ಕಪ್ಪುಗೆಂಪು ಹರಳು, 6 ಶೇಕಡಾ, ನೀರಿಗೆ ಹಾಕಿದರೆ ದ್ರಾಕ್ಷಾರಸದ ಬಣ್ಣ. ಶೇಕಡಾ ಕಡಿಮೆ ಅಂತ ಇಡಿಡಿಎಚ್‌ಎ ಬಿಟ್ಟು ಬರಬೇಡಿ, ನಿಮಗೆ ಬೇಕಾದದ್ದು ಅದೇ.

ತಂದ ಅನ್ನಭೇದಿ ಎಸೆಯಬೇಡಿ, ಎಲೆಗೆ ಸಿಂಪಡಿಸಬಹುದು. ಒಂದು ಲೀಟರ್ ನೀರಿಗೆ ಮೊದಲು 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಆಮೇಲೆ ಅನ್ನಭೇದಿ. ಬೆಳೆಗಳಿಗೆ ಲೀಟರಿಗೆ 5 ಗ್ರಾಂ ಹೇಳುತ್ತಾರೆ. ನಿಮ್ಮ ಚಿಗುರು ಬಡಕಲಾಗಿದೆ, ಸುಟ್ಟುಹೋಗಬಹುದು, 2 ಗ್ರಾಂನಿಂದ ಶುರು ಮಾಡಿ. ಅದೇ ದಿನ ಬೆರೆಸಿ ಅದೇ ದಿನ ಬಳಸಿ. ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ. ಹರಳೇ ಕಂದು ಪುಡಿಯಾಗಿದ್ದರೂ ಕೆಲಸಕ್ಕೆ ಬಾರದು. ಸಂಜೆ ಬಿಸಿಲು ಇಳಿದ ಮೇಲೆ, ಎಲೆಯ ಕೆಳಗೂ ಸೇರುವ ಹಾಗೆ ಸಿಂಪಡಿಸಿ. ಮೊದಲು ಒಂದೇ ಕೊಂಬೆಗೆ ಮಾಡಿ. ಹತ್ತು ದಿನದಲ್ಲಿ ಆ ಕೊಂಬೆ ಮಾತ್ರ ಹಸಿರಾದರೆ ಕಾಯಿಲೆ ಕಬ್ಬಿಣದ್ದೇ ಅಂತ ಲ್ಯಾಬ್ ಇಲ್ಲದೆ ಗೊತ್ತಾಗುತ್ತದೆ. ಹನಿ ಬಿದ್ದ ಕಡೆ ಮಾತ್ರ ಹಸಿರು ಚುಕ್ಕೆ ಬರಬಹುದು, ನಾನು ಹೇಳಿದೆನಲ್ಲ, ಕಬ್ಬಿಣ ಬಿದ್ದ ಜಾಗದಿಂದ ಅಲುಗಾಡಲ್ಲ. ಟೈಲ್ಸ್ ಮೇಲೆ ಬಿದ್ದರೆ ಕಲೆಯಾಗುತ್ತದೆ, ಕುಂಡದ ಕೆಳಗೆ ಹಳೇ ಪೇಪರ್ ಹಾಸಿ. ಮಕ್ಕಳ ಕೈಗೆ ಅನ್ನಭೇದಿ ಸಿಗಬಾರದು, ಹೊಟ್ಟೆಗೆ ಹೋದರೆ ಅಪಾಯ. ಸಿಂಪಡಿಸಿದ ಕುಡಿಯಿಂದ ತಂಬುಳಿಯೂ ಬೇಡ.

ಸಿಂಪಡಣೆ ಮೊದಲ ಚಿಕಿತ್ಸೆ ಅಷ್ಟೇ, ಮುಂದಿನ ಚಿಗುರಿಗೆ ಅದು ತಲುಪುವುದಿಲ್ಲ. ಬೇರಿಗೆ ಇಡಿಡಿಎಚ್‌ಎ 3 ಗ್ರಾಂ ಎರಡು ಲೀಟರ್ ಕಾವೇರಿ ನೀರಲ್ಲಿ ಕರಗಿಸಿ ಒದ್ದೆ ಮಣ್ಣಿಗೆ ಕೊಡಿ. ಅದು ಬೆಳಕಿಗೆ ಹಾಳಾಗುತ್ತದೆ, ಹಾಗಾಗಿ ಎಲೆಗೆ ಬೇಡ, ಮಣ್ಣಿನ ಮೇಲೂ ನಿಲ್ಲಬಾರದು, ಕೊಟ್ಟ ಮೇಲೆ ಸ್ವಲ್ಪ ನೀರು ಹಾಕಿ ಒಳಗಿಳಿಸಿ. ಎರಡು ತಿಂಗಳು ಬಿಟ್ಟು ಇನ್ನೊಮ್ಮೆ. ಜಾಸ್ತಿ ಕೊಟ್ಟರೆ ಜಾಸ್ತಿ ಹಸಿರು ಅನ್ನೋ ಲೆಕ್ಕ ಇಲ್ಲಿ ಇಲ್ಲ, ಕಬ್ಬಿಣ ಜಾಸ್ತಿಯಾದರೆ ಮ್ಯಾಂಗನೀಸ್ ಸಿಗದೆ ಮತ್ತೆ ಹಳದಿಯಾಗುತ್ತದೆ.

ಈಗ ನಿಮ್ಮ 16 ಹನಿಗೆ ಬರೋಣ. ಲೀಟರಿಗೆ ಸುಮಾರು 290 ಮಿಲಿಗ್ರಾಂ. ದಿನಕ್ಕೆ ಎರಡು ಲೀಟರ್ ಹಾಕಿದರೆ, ಮಳೆಯ ದಿನ ಬಿಟ್ಟು ವರ್ಷಕ್ಕೆ 300 ದಿನ ಹಿಡಿದರೂ, 170 ಗ್ರಾಂ ಸುಣ್ಣದಕಲ್ಲಿನ ಪುಡಿಗೆ ಸಮ. ಸ್ವಲ್ಪ ಕುಂಡದ ತೂತಿನಿಂದ ಹೊರಗೆ ಹೋಗುತ್ತದೆ, ಆದರೂ ಯೋಚಿಸಿ. ಮೂರು ವರ್ಷಕ್ಕೆ ಅರ್ಧ ಕಿಲೋ. ಯಾರಾದರೂ ಬಂದು ನಿಮ್ಮ ಕುಂಡಕ್ಕೆ ಅರ್ಧ ಕಿಲೋ ಸುಣ್ಣ ಸುರಿದರೆ ಜಗಳ ಮಾಡುತ್ತೀರಿ ತಾನೇ? ಮೊಟ್ಟೆ ಚಿಪ್ಪಿಗಿಂತ ದೊಡ್ಡ ಕಳ್ಳ ನಿಮ್ಮ ಪೈಪು.

ಟೆರೇಸ್‌ತರಕಾರಿ:

ಹಾಗಾದರೆ ಆ ನೀರಿಗೇ ನಿಂಬೆ ಉಪ್ಪು ಹಾಕಿ ಕೊಟ್ಟರೆ ಆಯಿತಲ್ಲ? ನಾನು ಹತ್ತು ಲೀಟರ್ ಬಕೆಟ್‌ಗೆ 3 ಗ್ರಾಂ ಹಾಕುತ್ತೇನೆ. ಮೊದಲು 15 ಹನಿ ಬರುತ್ತಿತ್ತು, ಹಾಕಿದ ಮೇಲೆ ಕಿಟ್‌ನಲ್ಲಿ ಹನಿ ಕಡಿಮೆಯಾಗುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರೂ ಹಿಡಿದಿಡುತ್ತೇನೆ, ಅದರಲ್ಲಿ ಸುಣ್ಣ ಇಲ್ಲವೇ ಇಲ್ಲ. ವಾಟರ್ ಸಾಫ್ಟನರ್ ನೀರು ಮಾತ್ರ ಬೇಡ ಅಂತ ಕೇಳಿದ್ದೇನೆ.

ಮಣ್ಣುಹುಳ:

ಸಾಫ್ಟನರ್ ನೀರು ಬೇಡ, ಸರಿ. ಅದರಲ್ಲಿ ಸುಣ್ಣದ ಬದಲು ಸೋಡಿಯಂ ಇರುತ್ತದೆ, ಬೈಕಾರ್ಬನೇಟ್ ಇದ್ದ ಹಾಗೇ ಇರುತ್ತದೆ.

ನಿಂಬೆ ಉಪ್ಪಿನ ಉಪಾಯವೂ ಸರಿ. ಒಂದೇ ತೊಡಕು. ಮಣ್ಣಿನ ಸೂಕ್ಷ್ಮಜೀವಿಗಳಿಗೆ ನಿಂಬೆ ಉಪ್ಪು ಊಟ. ಅವು ಅದನ್ನು ತಿಂದು ಮುಗಿಸಿದ ಮೇಲೆ ಕ್ಷಾರ ಮತ್ತೆ ಮಣ್ಣಿಗೇ ವಾಪಸ್. ವಿನೆಗರ್‌ಗೂ ಅದೇ ಗತಿ. ತಾತ್ಕಾಲಿಕಕ್ಕೆ ಒಳ್ಳೆಯದು, ಕಬ್ಬಿಣ ಕರಗೋಕೆ ಸ್ವಲ್ಪ ಸಮಯ ಸಿಗುತ್ತದೆ, ಅದನ್ನೇ ನೆಚ್ಚಿಕೊಳ್ಳಬೇಡಿ. ಬ್ಯಾಟರಿ ಆಸಿಡ್ ಹಾಕುವವರೂ ಇದ್ದಾರೆ, ಮನೆಯಲ್ಲಿ ಆ ಸಾಹಸ ಬೇಡ.

ಉಳಿಯುವ ಕೆಲಸ ಮಾಡೋದು ಗಂಧಕ. ಬ್ಯಾಕ್ಟೀರಿಯಾಗಳು ಅದನ್ನು ನಿಧಾನವಾಗಿ ಆಮ್ಲ ಮಾಡುತ್ತವೆ, ಒಂದು ಭಾಗ ಗಂಧಕಕ್ಕೆ ಮೂರು ಭಾಗ ಸುಣ್ಣ ಸಾಯುತ್ತದೆ. ಬೂದಿರೋಗಕ್ಕೆ ಮಾರುವ 80 ಶೇಕಡಾ ನೀರಲ್ಲಿ ಬೆರೆಯುವ ಗಂಧಕವೇ ಸಾಕು. 14 ಇಂಚಿನ ಕುಂಡಕ್ಕೆ ಮೂರು ತಿಂಗಳಿಗೊಮ್ಮೆ 10 ಗ್ರಾಂ ಮೇಲ್ಮಣ್ಣಿಗೆ ಬೆರೆಸಿ. ಇವತ್ತು ಹಾಕಿ ನಾಳೆ ಬಗ್ಗಿ ನೋಡುವ ಮದ್ದಲ್ಲ, ತಿಂಗಳುಗಳೇ ಬೇಕು, ಮಣ್ಣಲ್ಲಿ ತೇವ ಮತ್ತು ಬೆಚ್ಚಗೆ ಇರಬೇಕು. ಸಾರಜನಕಕ್ಕೆ ಯಾವುದಾದರೂ ಬೇಕೆಂದರೆ ಅಮೋನಿಯಂ ಸಲ್ಫೇಟ್ 5 ಗ್ರಾಂ ತಿಂಗಳಿಗೊಮ್ಮೆ, ಅದೂ ಹುಳಿ ಕಡೆಗೇ ಎಳೆಯುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಬೇಡ.

ಗೋಡೆ ಪಕ್ಕದ ಗಿಡಕ್ಕೆ ಗಂಧಕ ಸುರಿಯೋದು ದುಡ್ಡು ದಂಡ. ಅಲ್ಲಿ ಗಾರೆ ಇರುವಷ್ಟು ದಿನ ಸುಣ್ಣ ಮುಗಿಯುವುದಿಲ್ಲ. ಕಿತ್ತು ಗೋಡೆಯಿಂದ ನಾಲ್ಕಡಿ ಆಚೆ ಹಾಕಿ, ಅಥವಾ ಕುಂಡಕ್ಕೆ ಏರಿಸಿ.

ಗುಡ್ಡೆಕೇಪಳ:

ಕುಂಡ ಬದಲಿಸುವಾಗ ಬೇರು ನೋಡಿ ಮೇಡಂ. ಬೇರಲ್ಲಿ ಗಂಟು ಗಂಟಾಗಿದ್ದರೆ ಜಂತುಹುಳ, ಕೊಳೆತು ಕಪ್ಪಾಗಿದ್ದರೆ ನೀರು ಜಾಸ್ತಿ. ಎರಡರಲ್ಲೂ ಕಬ್ಬಿಣ ಎಷ್ಟಿದ್ದರೂ ಗಿಡಕ್ಕೆ ಎಳೆದುಕೊಳ್ಳೋಕೆ ಆಗಲ್ಲ. ನನ್ನ ಅಕ್ಕನ ಮನೆಯ ಕುಂಡದಲ್ಲಿ ತೂತೇ ಮುಚ್ಚಿಹೋಗಿತ್ತು, ಅವಳು ಮೂರು ಬಗೆಯ ಟಾನಿಕ್ ಹಾಕಿ ಸೋತಿದ್ದಳು. ಒಂದು ಕಡ್ಡಿಯಲ್ಲಿ ಚುಚ್ಚಿ ತೂತು ಬಿಡಿಸಿದ್ದೇ, ಮುಂದಿನ ಚಿಗುರು ಹಸಿರು. ಇನ್ನು ಬೆಂಗಳೂರಿನ ಡಿಸೆಂಬರ್, ಜನವರಿ ಚಳಿಗೆ ಗಿಡ ಸ್ವಲ್ಪ ಹಳದಿಯಾದರೆ ಆಗಲೇ ಗಾಬರಿಯಿಂದ ಮದ್ದು ಸುರಿಯಬೇಡಿ, ಕರಾವಳಿಯ ಗಿಡ ಅದು, ಬೇರು ಮುದುಡಿ ಕೂತಿರುತ್ತದೆ.

ಮಹಡಿಮಲ್ಲಿ:

ಹತ್ತು ವಾರ ಆಯಿತು, ಸುದ್ದಿ ಹೇಳೋಕೆ ಬಂದೆ.

ಒಂದು ಕೊಂಬೆಗೆ ಕೆಂಪು ದಾರ ಕಟ್ಟಿ ಅದಕ್ಕೆ ಮಾತ್ರ ಅನ್ನಭೇದಿ ಸಿಂಪಡಿಸಿದೆ. ಎಂಟನೇ ದಿನ ಎಲೆ ಮೇಲೆ ಹಸಿರು ಚುಕ್ಕೆ ಚುಕ್ಕೆ, ಚಿರತೆಯ ಹಾಗೆ. ಮಣ್ಣುಹುಳ ಅವರು ಮೊದಲೇ ಹೇಳಿರದಿದ್ದರೆ ಹೊಸ ರೋಗ ಅಂತ ಕತ್ತರಿಸಿ ಹಾಕುತ್ತಿದ್ದೆ. ಇಡಿಡಿಎಚ್‌ಎ ಆನ್‌ಲೈನ್‌ನಲ್ಲಿ ತರಿಸಿ ಬೇರಿಗೆ ಕೊಟ್ಟೆ. ಮೂರು ವಾರದ ಮೇಲೆ ಬಂದ ಚಿಗುರು ಹಸಿರು. ಮೊದಲಿನ ಹಾಗೆ ಕಡು ಹಸಿರಲ್ಲ, ಆದರೆ ಹಸಿರು. ಪೂರ್ತಿ ಬಿಳಿಯಾಗಿದ್ದ ಹಳೇ ಚಿಗುರು ಕೆಲವು ಅಂಚು ಸುಟ್ಟು ಉದುರಿದವು, ಅವು ತಿರುಗಿ ಬರಲಿಲ್ಲ.

ಅಮ್ಮ ಯುಗಾದಿಗೆ ಬರುವಾಗ ಒಂದು ಚೀಲ ಗುಡ್ಡೆ ಮಣ್ಣು ತಂದರು. ಕುಂಡ ಬದಲಿಸಿದೆ, ಬೇರಲ್ಲಿ ಗಂಟಿರಲಿಲ್ಲ. ಬುಡದಲ್ಲಿ ಅಂಕಲ್ ಕೊಟ್ಟ ಮೊಳೆಗಳು ಹಾಗ್ಹಾಗೇ ಸಿಕ್ಕವು, ತೊಳೆದು ವಾಪಸ್ ಕೊಟ್ಟೆ. ಅವರು ಸ್ವಲ್ಪ ಬೇಜಾರಾದರು. ಮಹಡಿಗೆ ಬೀಳುವ ಮಳೆ ನೀರಿಗೆ ಒಂದು ಡ್ರಮ್ ಇಟ್ಟಿದ್ದೇನೆ, ಮೊನ್ನೆಯ ಒಂದು ಜೋರು ಮಳೆಗೇ ತುಂಬಿತು. ಕಿಟ್‌ನಲ್ಲಿ ಮೊದಲ ಹನಿಗೇ ಬಣ್ಣ ತಿರುಗಿತು! ಗೋಡೆ ಪಕ್ಕದ ಒಂದನ್ನು ಕುಂಡಕ್ಕೆ ಏರಿಸಿದೆ, ಇನ್ನೊಂದು ಸತ್ತಿತು. ಕೇಪಳದಲ್ಲಿ ಈಗ ನಾಲ್ಕು ಮೊಗ್ಗಿನ ಗೊಂಚಲು ಇವೆ, ಕೆಂಪು ದಾರದ ಕೊಂಬೆಯಲ್ಲೇ ಎರಡು.

ಒಂದೇ ಒಂದು ತೊಂದರೆ. ಪೇಪರ್ ಹಾಸೋಕೆ ಒಂದು ದಿನ ಮರೆತೆ. ಬಿಳಿ ಟೈಲ್ಸ್ ಮೇಲೆ ದೊಡ್ಡ ಕಂದು ಕಲೆ. ನಮ್ಮೆಜಮಾನರು ದಿನಾ ಅದನ್ನೇ ನೋಡಿ ಮುಖ ಸಿಂಡರಿಸುತ್ತಾರೆ. ಹೋಗೋಕೆ ಏನು ಮಾಡಲಿ?

ಬಿಸ್ಕೇನ್‌ಬಿಸಿಲು:

ಹಹ್ಹಾ, ನನ್ನ ಡ್ರೈವ್‌ವೇ ಇನ್ನೂ ಹಾಗೇ ಇದೆ.

ಮಣ್ಣುಹುಳ:

ಮನೆಯಲ್ಲಿ ನಿಂಬೆ ಉಪ್ಪು ಉಳಿದಿದೆಯಲ್ಲ, ಅದೇ ಸಾಕು. ಬಿಸಿ ನೀರಲ್ಲಿ ಗಟ್ಟಿಯಾಗಿ ಕಲಸಿ ಕಲೆ ಮೇಲೆ ಬಳಿದು, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಟೈಲ್ಸ್‌ಗೆ ಮಾತ್ರ. ಟೈಲ್ಸ್ ನಡುವಿನ ಸಿಮೆಂಟ್ ಗೆರೆ ಮೇಲೆ ಜಾಸ್ತಿ ಹೊತ್ತು ಬಿಡಬೇಡಿ, ಅದಕ್ಕೂ ಚುರ್ ಅನ್ನುತ್ತದೆ.